ಅಡುಗೆಮನೆ: ಹೊರಗಿನಿಂದ ನೋಡಲಾಗಿದೆ

ಅಥಣಿಯಲ್ಲಿ ಮನೆ ಕೊಳ್ಳುವವರು ಮೊದಲು ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ. ಆಮೇಲೆ ಪಂಚಾಂಗ ಬಲ್ಲವರನ್ನು ಕರೆತರುತ್ತಾರೆ. ಅದೂ ಆದ ಮೇಲೆ ನೆರೆಯವರು ಎಂಥವರು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುತ್ತಾರೆ. ಗೋಡೆಯ ವಿಚಾರ ಯಾರೂ ಕೇಳುವುದಿಲ್ಲ. ನಾನು ಕೇಳಿದೆ. ಚಿಕ್ಕೋಡಿಯಿಂದ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ, ನಾವು ಕೊಳ್ಳಬೇಕೆಂದಿರುವ ಮನೆಯನ್ನು ತಳದಿಂದ ಮಾಳಿಗೆಯವರೆಗೆ ತಪಾಸಣೆ ಮಾಡಿ ವರದಿ ಬರೆದುಕೊಡಿ ಎಂದೆ. ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಇದು ಒಂದು ವಾರದ ನಗೆಯಾಯಿತು.

"ಅಕ್ಕೋರ, ಎಮ್ಮಿ ಹಲ್ಲ ನೋಡಿ ತಗೊಳ್ಳೂದು ಕೇಳಿದ್ವಿ. ನೀವು ಮನಿ ಹಲ್ಲ ನೋಡಾಕ ಹೊಂಟೀರಲ್ಲ," ಎಂದರು ಗಣಿತದ ಸರ್.

"ಎಮ್ಮಿ ಹಲ್ಲ ಬಿದ್ರ ಸಂತ್ಯಾಗ ಮಾರಬಹುದ್ರಿ ಸರ್. ಗ್ವಾಡಿ ಬಿದ್ರ ನೀವ್ ತಗೊಂತೀರೇನ?" ಎಂದೆ. ಅವರು ಚಹಾ ಕುಡಿಯತೊಡಗಿದರು.

ನನಗೆ ಕಾಗದದ ಮೇಲೆ ನಂಬಿಕೆ ಹೆಚ್ಚು. ನನ್ನ ಬದುಕಿನಲ್ಲಿ ಒಳ್ಳೆಯದೆಲ್ಲ ಕಾಗದದ ಮೇಲೆಯೇ ಬಂದಿದೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬಿ.ಎಸ್ಸಿ. ಪದವಿ, ಬಿ.ಎಡ್., ಕೊನೆಗೆ ಸರಕಾರಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯಾಗಿ ನೇಮಕದ ಆದೇಶ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ಮುಗಿಸಿರಲಿಲ್ಲ. ತೆಲಸಂಗದ ನಮ್ಮ ಓಣಿಯಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಸಿಕ್ಕಿದ್ದಲ್ಲ. ಹಾಗಾಗಿ ಅವ್ವನದೂ ನನ್ನದೂ ಆದ ಮೊದಲ ಸ್ವಂತ ಮನೆಯೂ ಪರೀಕ್ಷೆಗೆ ಕೂತು, ಪಾಸಾಗಿ, ಕಾಗದ ಹಿಡಿದುಕೊಂಡು ಬರಲಿ ಎಂದು ನನ್ನ ಹಟ. ಒಮ್ಮೆ ಕೊಂಡರೆ ಇನ್ನೊಂದು ಮನೆ ಕೊಳ್ಳುವ ಶಕ್ತಿ ಈ ಜನ್ಮದಲ್ಲಿ ನಮಗಿರಲಿಲ್ಲ. ತಪ್ಪಿದರೆ ತಪ್ಪಿದ್ದೇ.

ಅವ್ವ ಕಾಗದ ಓದುವುದಿಲ್ಲ. ಅವಳ ಕೆಲಸ ನೀರು ಹೊಡೆಯುವುದಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅವ್ವ ಬೆಳಿಗ್ಗೆ ಟಂಟಂ ಹತ್ತಿ ಅಥಣಿಗೆ, ಒಮ್ಮೊಮ್ಮೆ ಕಾಗವಾಡದ ದ್ರಾಕ್ಷಿ ಬೆಳೆಗಾರರ ಬಂಗಲೆಗಳಿಗೆ, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಉಳಿದ ಹೆಂಗಸರು ಉಸುಕು ಸೋಸುತ್ತಿದ್ದರು, ಬುಟ್ಟಿ ಹೊರುತ್ತಿದ್ದರು. ಅವ್ವನಿಗೆ ಗಾರೆ ಕೆಲಸದ ಗೌಂಡಿಗಳು ಹೊಸ ಗೋಡೆಗಳನ್ನು ಒಪ್ಪಿಸಿಬಿಡುತ್ತಿದ್ದರು. ಹೊಸದಾಗಿ ಗಿಲಾವು ಮಾಡಿದ ಗೋಡೆಗೆ ಸಿಮೆಂಟು ಬಲಿಯುವ ತನಕ ದಿನವೂ ನೀರು ಕುಡಿಸಬೇಕು. ಕಡಿಮೆಯಾದರೆ ಗಿಲಾವು ಕೂದಲಿನಷ್ಟು ಸಣ್ಣಗೆ ಸೀಳುತ್ತದೆ, ಮುಂದೆ ಅಲ್ಲಿಂದಲೇ ಉದುರುತ್ತದೆ. ಅವ್ವ ಗೋಡೆಗೆ ಅಂಗೈ ಹಚ್ಚಿ, ಜ್ವರ ನೋಡುವವಳಂತೆ ಅರೆಗಳಿಗೆ ನಿಂತು, "ಇದಕ್ಕಿನ್ನೂ ನೀರಡಿಕಿ ಐತಿ" ಎನ್ನುತ್ತಿದ್ದಳು. ರಜೆಯ ದಿನಗಳಲ್ಲಿ ನಾನು ಇಟ್ಟಿಗೆ ರಾಶಿಯ ಮೇಲೆ ಕೂತು ಪಾಠ ಓದುತ್ತಿದ್ದೆ. ನನ್ನ ಕೈಯನ್ನೂ ಎಳೆದು ಗೋಡೆಗೆ ಹಚ್ಚಿಸುತ್ತಿದ್ದಳು. ನನಗೆ ಎಲ್ಲ ಗೋಡೆಗಳೂ ಒಂದೇ ತರಹ ತಣ್ಣಗಿರುತ್ತಿದ್ದವು.

ಮನೆ ಮುಗಿದ ದಿನ ಮಾಲಕರು ಕೆಲಸದವರಿಗೆಲ್ಲ ಊಟ ಹಾಕುತ್ತಿದ್ದರು, ಅಂಗಳದಲ್ಲಿ. ಒಳಗೆ ಒಲೆ ಹಚ್ಚಿ ಪೂಜೆ ಮಾಡಿರುತ್ತಿದ್ದರು. ನಿನ್ನೆಯವರೆಗೆ ನಿಂತು ನೀರು ಹೊಡೆದ ಅಡುಗೆಮನೆಗೆ ಇವತ್ತು ಅವ್ವ ಕಾಲಿಡುವಂತಿರಲಿಲ್ಲ. ಅದನ್ನು ಅವಳು ಸಿಟ್ಟಿನಿಂದ ಹೇಳಿದ್ದನ್ನು ನಾನು ಕೇಳಿಲ್ಲ. "ಒಲಿ ಹಚ್ಚೂತನಕ ನಮ್ಮ ಮನಿ. ಹಚ್ಚಿದ ಮ್ಯಾಲ ಅವರ ಮನಿ," ಎಂದು ಬಸ್ಸಿನ ವೇಳೆ ಹೇಳಿದ ಹಾಗೆ ಹೇಳುತ್ತಿದ್ದಳು.

ನಾವು ನೋಡಿದ ಮನೆ ಒಂದು ಜೈನ ಮನೆತನದ್ದು. ವ್ಯಾಪಾರ ಬೆಳೆದು ಅವರು ಊರ ಹೊರಗೆ ದೊಡ್ಡ ಮನೆ ಕಟ್ಟಿಸಿದ್ದರು. ದೀಪಾವಳಿ ಹೊತ್ತಿಗೆ ಅಲ್ಲಿಗೆ ಹೋಗುವವರು. ಮಗ, ಸೊಸೆ, ಅವರ ಮೇಲೆ ಮಗನ ತಾಯಿ. ಆಕೆಯನ್ನು ಓಣಿಗೆ ಓಣಿಯೇ ಆಯಿ ಎನ್ನುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಊರಲ್ಲಿ ನೆಲೆ ನಿಲ್ಲುತ್ತಾರೆ. ಆ ದಿನಗಳಲ್ಲಿ ಆಯಿಯ ಮಡಿ ಇನ್ನಷ್ಟು ಬಿಗಿ. ಸ್ನಾನ ಮಾಡಿ ಒಗೆದ ಬಟ್ಟೆ ಉಡದವರು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹೊರಗಿನವರ ಮಾತು ಬಿಡಿ, ಅಂಗಡಿಯಿಂದ ಬಂದ ಮಗನೂ ಹೊಸ್ತಿಲಾಚೆ ನಿಂತೇ ನೀರು ಕೇಳಬೇಕು.

ಎಂಜಿನಿಯರು ಇನ್ನೂ ಹುಡುಗುತನ ಮಾಸದ ಮನುಷ್ಯ, ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು. ಸಣ್ಣ ಸುತ್ತಿಗೆಯಿಂದ ಗೋಡೆ ಬಡಿದು ಸದ್ದು ಕೇಳಿದರು. ಎರಡು ಮೊಳೆಗಳಂತಹ ಮುಳ್ಳಿದ್ದ ಒಂದು ಯಂತ್ರವನ್ನು ಗೋಡೆಗೊತ್ತಿ ತೇವ ಎಷ್ಟಿದೆ ಎಂದು ಬರೆದುಕೊಂಡರು. ಮಾಳಿಗೆ ಹತ್ತಿದರು, ನೀರಿನ ಟಾಕಿಯೊಳಗೆ ಬಗ್ಗಿದರು. ನಾನು ಬೆನ್ನ ಹಿಂದೆಯೇ ಇದ್ದೆ. ಒಂದೊಂದು ಕೋಣೆಗೆ ಅವರು ಸರಿ ಎಂದು ಬರೆದಾಗಲೂ ನನ್ನ ವಿದ್ಯಾರ್ಥಿನಿ ಪಾಸಾದಷ್ಟು ಹಿಗ್ಗು.

ಅಡುಗೆಮನೆಯ ಮುಂದೆ ಆಯಿ ನಿಂತಿದ್ದಳು.

"ಅಲ್ಲಿಗೇ ನಿಲ್ರಿ. ಇಲ್ಲಿಂದ ಎಲ್ಲಾ ಕಾಣಸ್ತೈತಿ."

ಎಂಜಿನಿಯರು ಹೊಸ್ತಿಲಲ್ಲಿ ನಿಂತು ಕತ್ತು ಚಾಚಿದರು. ನಾನೂ ಚಾಚಿದೆ. ಹೊಳೆಯುವ ಟೈಲ್ಸು, ಕಪ್ಪು ಕಲ್ಲಿನ ಕಟ್ಟೆ, ಅದರ ಕೆಳಗೆ ಸಾಲಾಗಿ ಡಬ್ಬಿಗಳು. ಚೆನ್ನಾಗಿಯೇ ಕಂಡಿತು. ದೊಡ್ಡವರ ಮಡಿ ಮುರಿದು ಗೋಡೆ ಬಡಿಯಲು ನಮ್ಮಿಬ್ಬರಿಗೂ ನಾಚಿಕೆ. ಸೊಸೆ ಚಹಾ ತಂದಳು, ಕುಡಿದೆವು, ಬಂದೆವು.

ವರದಿ ಬಂದ ದಿನ ಸಂಜೆ ಊಟಕ್ಕೆ ಕೂತಾಗ ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ಒಂದೊಂದಕ್ಕೂ ಹೂಂಗುಟ್ಟಿದಳು. "ಅಡುಗೆಮನೆ: ಹೊರಗಿನಿಂದ ನೋಡಲಾಗಿದೆ, ತೃಪ್ತಿಕರ," ಎಂದು ಓದಿದಾಗ ಹೂಂಗುಟ್ಟಲಿಲ್ಲ.

"ಹೊರಗಿಂದ ಅಂದ್ರ?"

"ಬಾಗಲದಾಗ ನಿಂತು ನೋಡ್ಯಾರ."

"ಯಾಕ, ಒಳಗ ಹಾವಿತ್ತೇನ?"

"ಆಯೀದು ಮಡಿ ಐತಿ ಬೇ. ಹೋಗಾಕ ಬರಂಗಿಲ್ಲ."

"ಬಚ್ಚಲ ಎಲ್ಲೈತಿ?"

"ಅಡಗಿಮನಿ ಬಾಜೂಕ. ನಡುವ ಒಂದ ಗ್ವಾಡಿ."

ಅವ್ವ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟಳು. "ಆ ಗ್ವಾಡಿ ನೋಡದ ನಾ ಆ ಮನಿಗಿ ಬರಂಗಿಲ್ಲ."

ನನಗೆ ಸಿಟ್ಟು ಬಂತು. ಸೋಮವಾರ ಹೌದು ಅಥವಾ ಇಲ್ಲ ಎಂದು ಹೇಳುತ್ತೇನೆಂದು ಮಾಲಕರಿಗೆ ಮಾತು ಕೊಟ್ಟಿದ್ದೆ. ರಾಯಬಾಗದ ಕಡೆಯವರೊಬ್ಬರು ಅದೇ ಮನೆಗೆ ಕಾದು ಕೂತಿದ್ದರು. ಓದಿದ ಎಂಜಿನಿಯರು ಸಹಿ ಮಾಡಿ ಕೊಟ್ಟ ಮೇಲೆ ಇನ್ನೇನು ಬೇಕು?

"ಎಂಜಿನಿಯರಗಿಂತ ನಿನಗ ಹೆಚ್ಚ ಗೊತ್ತೇನ?" ಎಂದೆ.

ಆ ಮಾತನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಆದರೆ ಆಡಿದ್ದು ನಾನೇ. ಅವ್ವ ಬೇಸರ ಮಾಡಿಕೊಳ್ಳಲಿಲ್ಲ. "ಹೆಚ್ಚ ಗೊತ್ತಿಲ್ಲವ್ವಾ," ಎಂದಳು. "ಆದ್ರ ಹೊರಗ ನಿಂತು ನಾ ಯಾವ ಗ್ವಾಡೀನೂ ನೋಡಿಲ್ಲ." ಮತ್ತೆ ರೊಟ್ಟಿ ಎತ್ತಿಕೊಂಡಳು.

ಭಾನುವಾರ ಮತ್ತೆ ಹೋದೆವು. ಎಂಜಿನಿಯರಿಗೂ ಫೋನು ಮಾಡಿದ್ದೆ. ಅವರೇ ಎದುರಿಗಿದ್ದು ಅವ್ವನಿಗೆ ತಿಳಿಹೇಳಲಿ ಎಂಬುದು ನನ್ನ ಒಳಯೋಚನೆ. ಅವ್ವನ ಕೈಯಲ್ಲಿ ಒಂದು ಚೀಲವಿತ್ತು. ಹಿರಿಯರ ಮನೆಗೆ ಹೋಗುತ್ತಿದ್ದೇವೆ, ಹಣ್ಣು ಕಾಯಿ ಇರಬೇಕು ಎಂದುಕೊಂಡಿದ್ದೆ.

ಆಯಿ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಅವ್ವ ಕೈಮುಗಿದಳು.

"ಅವ್ವಾರ, ನಿಮ್ಮ ಬಚ್ಚಲದಾಗ ನಂದೊಂದ ಜಳಕ ಆಗಬೇಕ್ರಿ."

ಆಯಿ ಚಾಳೀಸಿನ ಮೇಲಿಂದ ನೋಡಿದಳು. "ಯಾಕವ್ವಾ, ನಿಮ್ಮನ್ಯಾಗ ನೀರ ಬಂದಿಲ್ಲೇನ?"

"ಬಂದಾವ್ರಿ. ಮುಂಜಾನೆ ಜಳಕಾನೂ ಆಗೇತಿ. ಆದ್ರ ಆಟೋ ಹತ್ತಿ ಬಂದೇನಿ, ಹಾದ್ಯಾಗ ನಾಕ ಮಂದೀನ ಮುಟ್ಟೇನಿ. ನಿಮ್ಮ ಅಡಗಿಮನಿಗಿ ಹೋಗಬೇಕಂದ್ರ ಮತ್ತ ಮಾಡಬೇಕಲ್ರಿ."

"ಅಡಗಿಮನ್ಯಾಗ ನಿಂದೇನೈತಿ?"

"ಗ್ವಾಡಿ ನೋಡೂದೈತ್ರಿ."

ಹೇಳುತ್ತಲೇ ಅವ್ವ ಚೀಲ ತೆರೆದು ತೋರಿಸಿದಳು. ಒಗೆದು ಮಡಿಚಿದ ಸೀರೆ, ಒಂದು ಟಾವೆಲ್ಲು, ಸಾಬೂನು. ನನಗೆ ನೆಲ ಬಿರಿದರೆ ಸಾಕೆನಿಸಿತು. ಆಯಿ ಆ ಸೀರೆಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಅಡಗಿಮನಿಗಿ ಬರಾಕ ಜಳಕದ ಸೀರಿ ತಗೊಂಡ ಬಂದಾಕಿ ನೀ ಒಬ್ಬಾಕಿನ. ಸೊಸಿಗಿ ಹೇಳಿ ಹೇಳಿ ಬಾಯಿ ನೊಂದೈತಿ. ಹೋಗ, ಬಿಸಿನೀರ ಅದಾವ."

"ತಣ್ಣೀರ ಸಾಕ್ರಿ. ಜರಾ ಜಾಸ್ತಿ ಬೇಕು," ಎಂದು ಅವ್ವ ಬಚ್ಚಲು ಹೊಕ್ಕು ಬಾಗಿಲು ಹಾಕಿಕೊಂಡಳು.

ನಾವು ಪಡಸಾಲೆಯಲ್ಲಿ ಕೂತೆವು. ಎಂಜಿನಿಯರು ಬಂದರು, ಸೊಸೆ ಚಹಾ ಕೊಟ್ಟಳು. ಒಳಗೆ ನೀರು ಸುರಿಯುವ ಸದ್ದು. ಒಂದು ಬಕೀಟು, ಎರಡು, ಮೂರು. ಮನೆಯಲ್ಲಿ ಅವ್ವ ಒಂದೇ ಬಕೀಟಿನಲ್ಲಿ ಸ್ನಾನ ಮುಗಿಸಿ ಉಳಿದ ನೀರನ್ನು ತುಳಸಿಗೆ ಹಾಕುವವಳು. ಏಳನೆಯ ಬಕೀಟಿಗೆ ಮನೆಯ ಮಗ ಕೋಣೆಯಿಂದ ಹೊರಗೆ ಬಂದರು.

"ಅಕ್ಕೋರ, ನಿಮ್ಮವ್ವಾರು ಅರಬಿ ಒಗ್ಯಾಕತ್ತಾರೇನ್ರಿ?"

"ಇಲ್ರಿ. ಜಳಕ."

"ಟಾಕಿ ತಳಾ ಕಾಣಾಕತ್ತೈತ್ರಿ."

ನಾನು ಚಹಾದ ಬಸಿಯನ್ನೇ ನೋಡುತ್ತ ಕೂತೆ. ಮೊದಲು ಅರ್ಥವಾದದ್ದು ಎಂಜಿನಿಯರಿಗೆ. ಅವರು ಕಪ್ಪು ಕೆಳಗಿಟ್ಟು ಕಿವಿಗೊಟ್ಟರು. ನೀರು ಬೀಳುವ ಸದ್ದಿತ್ತು, ಮೋರಿಗೆ ಹರಿದುಹೋಗುವ ಸದ್ದಿರಲಿಲ್ಲ.

"ಅವರ ಜಳಕ ಯಾವಾಗೋ ಮುಗದೈತ್ರಿ," ಎಂದರು ಮೆಲ್ಲಗೆ. "ಮೋರಿ ಬಾಯಿ ಮುಚ್ಚಿ ಬಚ್ಚಲ ತುಂಬಸಾಕತ್ತಾರ. ನೀರ ನಿಲ್ಲಿಸಿ ನೋಡೂದು. ನಾ ಮಾಡಬೇಕಿತ್ತು ಅದನ್ನ."

ಅವ್ವ ಉಟ್ಟು ಬಂದ ಸೀರೆಯನ್ನೇ ಮೋರಿಯ ಬಾಯಿಗೆ ತುರುಕಿದ್ದಳು. ಒಗೆದ ಸೀರೆ ಉಟ್ಟು, ಒದ್ದೆ ಕೂದಲು ಗಂಟು ಹಾಕಿ ಹೊರಗೆ ಬಂದವಳು ಯಾರನ್ನೂ ಮುಟ್ಟದಂತೆ ಗೋಡೆಬದಿಯಿಂದ ನಡೆದು ಅಡುಗೆಮನೆ ಸೇರಿದಳು. ಆಯಿ ಹಿಂದೆಯೇ ಹೋದಳು. ಎಂಜಿನಿಯರು, ನಾನು, ಇಬ್ಬರೂ ಹೊಸ್ತಿಲವರೆಗೆ ಹೋಗಿ ನಿಂತೆವು. ನಾವು ಬಸ್ಸಿನಲ್ಲಿ, ಆಟೋದಲ್ಲಿ ಬಂದವರು, ಒಳಗೆ ಪ್ರವೇಶವಿಲ್ಲ.

ಅವ್ವ ಕಟ್ಟೆಯ ಕೆಳಗಿನ ಡಬ್ಬಿಗಳನ್ನು ಒಂದೊಂದಾಗಿ ಸರಿಸಿ, ಬಚ್ಚಲಿಗೆ ಹೊಂದಿದ ಗೋಡೆಯ ಬುಡಕ್ಕೆ ಅಂಗೈ ಹಚ್ಚಿ ಕೂತಳು. ಅಲ್ಲಿ ಟೈಲ್ಸು ಇರಲಿಲ್ಲ. ಡಬ್ಬಿಗಳ ಮರೆಯೆಂದು ಬರೀ ಸುಣ್ಣ ಬಳಿದಿದ್ದರು. ಎಂಜಿನಿಯರು ತೇವ ಅಳೆಯುವ ಯಂತ್ರವನ್ನು ಚೀಲದಿಂದ ತೆಗೆದು ಚಾಚಿದರು.

"ಇದನ್ನ ಗ್ವಾಡಿಗಿ ಒತ್ರಿ ಅವ್ವಾರ, ನಂಬರ ಬರ್ತೈತಿ."

"ಅದರ ಜಳಕ ಆಗೇತೇನ?" ಎಂದಳು ಆಯಿ.

ಎಂಜಿನಿಯರು ಯಂತ್ರವನ್ನು ಮತ್ತೆ ಚೀಲಕ್ಕೆ ಸೇರಿಸಿದರು.

"ಸ್ವಲ್ಪ ಹೊತ್ತ ಬೇಕ್ರಿ," ಎಂದಳು ಅವ್ವ. ಆಯಿಯೂ ಮಣೆ ಹಾಕಿಕೊಂಡು ಎದುರಿಗೆ ಕೂತಳು. ಇಬ್ಬರೂ ಮಾತಿಗೆ ಬಿದ್ದರು. ಈ ಮನೆ ಕಟ್ಟಿಸಿ ಆಯಿ ಬಂದು ನೆಲೆಸಿದ ವರ್ಷ ಅವ್ವ ಎದುರಿನ ಸಾಲಿನಲ್ಲಿ ಒಂದು ಮಾಳಿಗೆಗೆ ನೀರು ಹೊಡೆಯುತ್ತಿದ್ದಳಂತೆ. "ಆಗ ಇಲ್ಲಿ ಬೇವಿನ ಗಿಡ ಇತ್ತಲ್ರಿ, ಅದರ ನೆರಳಾಗ ಬುತ್ತಿ ಬಿಚ್ಚತಿದ್ವಿ." "ಇತ್ತು ಇತ್ತು. ನೀವ್ ಏಳೆಂಟ ಮಂದಿ ಕೂಡ್ತಿದ್ರಿ. ನೀರ ಕೇಳಾಕ ಬರ್ತಿದ್ದಾಕಿ ನೀನ ಏನ?" "ನಾನರಿ." ಆಯಿ ಅವ್ವನ ಮುಖ ನೋಡಿದಳು. ಆಗ ಇವಳನ್ನು ಎಲ್ಲಿ ನಿಲ್ಲಿಸಿ ನೀರು ಕೊಟ್ಟಿದ್ದೆ ಎಂದು ನೆನೆಯುತ್ತಿದ್ದಳೋ ಏನೋ. ಆಮೇಲೆ ಎದ್ದು ಒಂದು ಚರಿಗೆ ನೀರು ತಂದು ಅವ್ವನ ಕೈಗೆ ಕೊಟ್ಟಳು, ಅಡುಗೆಮನೆಯೊಳಗೇ. ಅವ್ವ ಒಂದು ಕೈ ಗೋಡೆಯಿಂದ ತೆಗೆಯದೆ ಇನ್ನೊಂದು ಕೈಯಿಂದ ಎತ್ತಿ ಕುಡಿದಳು.

ಗಂಟೆಯೊಂದು ಆಗುತ್ತ ಬಂದಿರಬೇಕು.

"ತಂಗಿ, ಬೆಳಕ ಬಿಡ," ಎಂದಳು ಅವ್ವ ನನಗೆ.

ಹೊಸ್ತಿಲಿನಿಂದಲೇ ಮೊಬೈಲಿನ ಬೆಳಕು ಹಿಡಿದೆ. ಮೂಲೆಯಲ್ಲಿ ಗೋಡೆ ನೆಲಕ್ಕೆ ಕೂಡುವಲ್ಲಿ ಸುಣ್ಣದ ಬಣ್ಣ ಕಪ್ಪಿಗೆ ತಿರುಗಿತ್ತು. ನಾವು ನೋಡುತ್ತಿದ್ದಂತೆ ಆ ಕಪ್ಪು ಅಂಗೈಯಗಲವಾಯಿತು, ಅದರ ಬುಡದಿಂದ ನೀರಿನ ಒಂದು ಎಳೆ ನೆಲದ ಫರಸಿ ಕಲ್ಲುಗಳ ಸಂದಿಯಲ್ಲಿ ಹರಿದು ಡಬ್ಬಿಗಳಿದ್ದ ಜಾಗಕ್ಕೆ ಬಂತು. ಎಂಟು ಪುಟಗಳ ವರದಿ ನನ್ನ ಕೈಚೀಲದಲ್ಲಿತ್ತು.

ಆಯಿ ಬಗ್ಗಿ ಬೆರಳಿನಿಂದ ಆ ನೀರನ್ನು ಮುಟ್ಟಿದಳು. ಒಂದು ಡಬ್ಬಿಯನ್ನು ಬೋರಲು ಹಾಕಿದಳು. ತಳ ಪೂರ್ತಿ ತುಕ್ಕು.

ಪಡಸಾಲೆಯಿಂದ ಸೊಸೆಯ ದನಿ ಬಂತು. "ಕೇಳಿದ್ರೇನ್ರಿ ಅತ್ತಿ. ಡಬ್ಬಿ ಒರಸಾಕ ಬರಂಗಿಲ್ಲ, ನಿಮ್ಮವ್ವ ಏನ ಕಲಿಸ್ಯಾಳ ಅಂತ ಬಂದ ವರ್ಷದಿಂದ ಬಯ್ಕೊಂತ ಬಂದೀರಿ."

"ಗ್ವಾಡಿಗಿ ಬಯ್ದಿದ್ದೆ ಅಂತ ತಿಳಕೊ," ಎಂದಳು ಆಯಿ, ತಿರುಗಿ ನೋಡದೆ. ಮೊದಲು ನಕ್ಕವಳು ಸೊಸೆಯೇ.

ಅವ್ವ ನಗಲಿಲ್ಲ. ಗೋಡೆಯನ್ನು ಮೇಲಕ್ಕೆ, ಎಡಕ್ಕೆ, ಬಲಕ್ಕೆ ಅಂಗೈಯಿಂದ ತಡವಿದಳು. ಗೆಣ್ಣಿನಿಂದ ಬಡಿದಳು. ಅವಳು ಬೇಡ ಎಂದರೆ ಮನೆ ಕೈಬಿಟ್ಟಿತು.

"ಗ್ವಾಡಿ ಗಟ್ಟಿ ಐತ್ರಿ ಅವ್ವಾರ," ಎಂದಳು ಕೊನೆಗೆ. "ಚಲೋ ನೀರ ಕುಡದ ಗ್ವಾಡಿ. ಬಚ್ಚಲದ ಮೂಲಿ ಒಂದ ಸಂದಿ ಬಿಟ್ಟೈತಿ. ಫರಸಿ ಎಬ್ಬಿಸಿ, ಇಳಿಜಾರ ತಿದ್ದಿ ಕೂಡ್ರಿಸಿದ್ರ ಸೋರೂದು ನಿಂದರ್ತೈತಿ."

ಎಂಜಿನಿಯರು ಒಪ್ಪಿದರು. ಹೀಗೇ ಬಿಟ್ಟಿದ್ದರೆ ನೀರು ತಳಪಾಯಕ್ಕೆ ಇಳಿಯುತ್ತಿತ್ತು, ಕೆಳಗಿನ ಕಪ್ಪು ಎರೆಮಣ್ಣು ಉಬ್ಬಿ ಇಡೀ ಗೋಡೆಯನ್ನೇ ಎತ್ತಿ ಸೀಳುತ್ತಿತ್ತು ಎಂದು ನನಗೆ ವಿವರಿಸಿದರು. ತಪ್ಪು ತಮ್ಮದೆಂದು ಮಾಲಕರ ಮುಂದೆಯೇ ಹೇಳಿದರು. ಅದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ನಾಚಿಕೆಯಿಂದ ಹೊಸ್ತಿಲಲ್ಲಿ ನಿಂತದ್ದು ಅವರೊಬ್ಬರೇ ಅಲ್ಲವಲ್ಲ.

ಆಯಿ ಮಗನನ್ನು ಕರೆದಳು. "ಇದನ್ನ ಸರಿ ಮಾಡದ ಈ ಮನಿ ಯಾರಿಗೂ ಕೊಡಂಗಿಲ್ಲ. ಸೋರೂ ಅಡಗಿಮನಿ ಮಂದೀ ಕೊಳ್ಳಿಗಿ ಕಟ್ಟಿ ಹೋದ್ರ ಹೊಸಮನ್ಯಾಗ ನನಗ ಊಟ ರುಚಿ ಹತ್ತಂಗಿಲ್ಲ." ಮಗ ಅವ್ವನ ಕಡೆ ತಿರುಗಿ, "ಕೆಲಸ ಆಗೂ ಮುಂದ ನೀವ್ ಜರಾ ಬಂದ ನಿಂದರ್ರಿ," ಎಂದರು.

ಸೋಮವಾರ ನಾನು ಹೌದು ಎಂದೆ. ಅವ್ವ ಜರಾ ಹೋಗಿ ನಿಲ್ಲಲಿಲ್ಲ, ದಿನವೂ ಹೋದಳು. ಮೊಣಕಾಲು ನೋವೆಂದು ಎರಡು ವರ್ಷದಿಂದ ಸಂತೆಗೂ ಹೋಗದವಳು ನಾನು ಶಾಲೆಗೆ ಹೊರಡುವ ಮೊದಲೇ ತಯಾರಾಗಿರುತ್ತಿದ್ದಳು. ಗೌಂಡಿ ಹಳೆಯ ಫರಸಿ ಕಿತ್ತ, ಹೊಸದು ಹಾಸಿದ. ಅವ್ವ ನೀರು ಹೊಡೆದಳು. ಒಂದು ಸಂಜೆ ನಾನು ಕರೆತರಲು ಹೋದಾಗ ಗೌಂಡಿ ನನಗೆ ಹೇಳಿದ: "ಅಕ್ಕೋರ, ನಿಮ್ಮವ್ವಾರ ಮುಂದ ಕೆಲಸ ಮಾಡೂದಂದ್ರ ಪರೀಕ್ಷಾ ಬರದಂಗ್ರಿ. ಕಾಪಿ ಹೊಡ್ಯಾಕ ಆಗವಲ್ದು."

ಕೆಲಸ ಮುಗಿದ ಮೇಲೆ ಎಂಜಿನಿಯರು ಮತ್ತೆ ಬಂದರು. ಈ ಸಲ ಅವರೂ ಒಂದು ಚೀಲ ತಂದಿದ್ದರು. ಒಳಗೆ ಪಂಚೆ, ಟಾವೆಲ್ಲು. ಸ್ನಾನ ಮಾಡಿ, ಹೊಸ ಬಚ್ಚಲಿಗೆ ನೀರು ನಿಲ್ಲಿಸಿ, ಅಡುಗೆಮನೆಯೊಳಗೆ ಕೂತು ಕಾದರು. ಗೋಡೆ ಒಣಗಿಯೇ ಇತ್ತು. ವರದಿಯನ್ನು ತಿದ್ದಿ ಬರೆದರು. ಅಡುಗೆಮನೆಯ ಸಾಲಿನಲ್ಲಿ "ಒಳಗಿನಿಂದ ಪರಿಶೀಲಿಸಲಾಗಿದೆ" ಎಂದು ಬರೆದು, ದೋಷ ಪತ್ತೆ ಹಚ್ಚಿದವರು ಎಂಬಲ್ಲಿ ಅವ್ವನ ಹೆಸರು ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಉದ್ಯೋಗ ಏನಂತ ಬರೀಲ್ರಿ?"

ಶಾಲೆಯ ದಾಖಲಾತಿಯಿಂದ ಕಾಲೇಜಿನ ಅರ್ಜಿಯವರೆಗೆ ತಾಯಿಯ ಉದ್ಯೋಗ ಎಂಬ ಜಾಗದಲ್ಲಿ ನಾನು ಯಾವಾಗಲೂ ಮನೆಗೆಲಸ ಎಂದು ಬರೆದವಳು. ಕೂಲಿ ಎಂದು ಬರೆಯಲು ನಾಚಿಕೆ, ಬೇರೆ ಶಬ್ದ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು.

"ನೀರ ಹೊಡ್ಯಾಕಿ ಅಂತ ಬರೀರಿ. ಇಪ್ಪತ್ತ ವರ್ಷ."

ಹಾಗೆಯೇ ಬರೆದರು. ಆ ಕಾಗದ ಈಗ ನನ್ನ ಪದವಿ ಪ್ರಮಾಣಪತ್ರದ ಜೊತೆ ಒಂದೇ ಫೈಲಿನಲ್ಲಿದೆ. ನನ್ನ ಪದವಿಯ ಹೆಮ್ಮೆ ಒಂದು ಗುಂಜಿಯೂ ಕಡಿಮೆಯಾಗಿಲ್ಲ; ಆ ಫೈಲು ತೆಗೆದಾಗ ಮೊದಲು ಯಾವುದನ್ನು ಓದುತ್ತೇನೆ ಎಂದು ಮಾತ್ರ ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಗಣಿತದ ಸರ್ ಎರಡು ಸಲ ಓದಿದರು. ಹೋದ ತಿಂಗಳು ಅವರು ನಿಪ್ಪಾಣಿಯಲ್ಲಿ ಮಗಳಿಗಾಗಿ ಮನೆ ನೋಡಲು ಹೊರಟಾಗ ಕಾರನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿ, "ಅವ್ವಾರು ಅದಾರೇನ್ರಿ?" ಎಂದು ಕೇಳಿದರು. ಅವ್ವ ಚೀಲ ತೆಗೆದುಕೊಂಡು ಹೋದಳು.

ದೀಪಾವಳಿ ಕಳೆದು ನಾವು ಮನೆ ಹೊಕ್ಕೆವು. ಆಯಿಯೂ ಬಂದಿದ್ದಳು, ಅಡುಗೆಮನೆಯ ಬಾಗಿಲಿನಲ್ಲಿ ನಿಂತು, "ಜಳಕ ಮಾಡೇ ಬಂದೇನವ್ವಾ, ಬರ್ಲೇನ?" ಎಂದು ಕೇಳಿದಳು. ಅವ್ವ ಒಳಗೆ ಮಣೆ ಹಾಕಿ ಕರೆದಳು. ಹಾಲು ಉಕ್ಕಿಸಲು ಒಲೆ ಹಚ್ಚುವ ಕಡ್ಡಿಯನ್ನು ಅವ್ವ ನನ್ನ ಕೈಗೆ ಕೊಟ್ಟಳು, ಓದಿದ ಮಗಳು ಹಚ್ಚಲಿ ಎಂದು. ನಾನು ಅವಳಿಗೇ ತಿರುಗಿ ಕೊಟ್ಟೆ. ಅವಳು ಹಚ್ಚಿದಳು. ಉರಿ ಏರಿತು, ಹಾಲು ಉಕ್ಕಿತು, ಆಯಿಯೊಬ್ಬಳನ್ನು ಬಿಟ್ಟು ಬಂದವರೆಲ್ಲ ಊಟಕ್ಕೆ ಅಂಗಳದ ಕಡೆ ನಡೆದರು. ಅವ್ವ ಒಲೆಯ ಮುಂದೆಯೇ ಇದ್ದಳು, ಒಂದು ಅಂಗೈ ಪಕ್ಕದ ಗೋಡೆಯ ಮೇಲೆ.

ನಾನು ಜನರನ್ನು ಊಟಕ್ಕೆ ಕೂರಿಸಿ, ಎಲ್ಲರನ್ನೂ ಮುಟ್ಟಿ ಮಾತಾಡಿಸಿ, ನೀರಿನ ಕೊಡ ಒಯ್ಯಲು ಒಳಗೆ ಕಾಲಿಡುವುದರಲ್ಲಿದ್ದೆ. ಅವ್ವ ತಿರುಗಿ ನೋಡಿದಳು.

"ಅಲ್ಲೇ ನಿಂದರ. ಜಳಕ ಆಗೇತೇನ ನಿಂದು?"

ಮಣೆಯ ಮೇಲೆ ಕೂತಿದ್ದ ಆಯಿ ಹೌದೆಂಬಂತೆ ತಲೆಯಾಡಿಸಿದಳು. ನಾನು ಹೊಸ್ತಿಲಲ್ಲೇ ನಿಂತು ಕೈ ಚಾಚಿದೆ. ಅವ್ವ ಕೊಡ ತಂದು ಕೊಟ್ಟಳು.